ನಿಂಬೆಹಣ್ಣು ಕಂಡರೆ ನಿಲ್ಲುವ ಗಾಡಿ

ಒಂದು ಒಗಟು. ಎರಡು ಕೋಡು ಅದಾವ, ಹೋರಿ ಅಲ್ಲ. ಒಂದೂವರೆ ಟನ್ ಎತ್ತತೈತಿ, ಉಸ್ ಅನ್ನಂಗಿಲ್ಲ. ನಿಂಬಿಹಣ್ಣು ಕಂಡ್ರ ಗಕ್ಕನ ನಿಲ್ಲತೈತಿ, ದೆವ್ವಾನೂ ಅಲ್ಲ. ಏನದು?

ನಿಮಗೆ ಬರೋದಿಲ್ಲ ಬಿಡಿ. ಕೊಟ್ಟೂರಿನ ನಮ್ಮ ಮೆಕ್ಕೆಜೋಳದ ಗೋದಾಮಿಗೆ ಬಂದು ನೋಡಿದವರಿಗೆ ಮಾತ್ರ ಗೊತ್ತು. ಅದು ಫೋರ್ಕ್‌ಲಿಫ್ಟ್, ಮುಂದಿನ ಎರಡು ಕಬ್ಬಿಣದ ಕೋಡಿನ ಮೇಲೆ ಚೀಲದ ರಾಶಿ ಎತ್ತುವ ಗಾಡಿ. ನಾನು ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಹಾಗೇ ಎದ್ದು ಬಂದವನು. ಈಗ ಹತ್ತೊಂಬತ್ತು, ಹಮಾಲಿ ಕೆಲಸ. ನಮ್ಮಲ್ಲಿ ದಿನಕ್ಕೊಂದು ಫಜೀತಿ ಆಗದೆ ಬಾಗಿಲು ಹಾಕುವುದಿಲ್ಲ. ಅರ್ಧಕ್ಕೆ ಕಾರಣ ನಾನೇ. ಉಳಿದರ್ಧಕ್ಕೂ ನನ್ನ ಹೆಸರೇ ಹೇಳುತ್ತಾರೆ.

೧. ಪೂಜೆ ಮುಗಿಯಲಿಲ್ಲ

ಗಾಡಿ ಬಂದದ್ದು ಅಮಾಸಿ ದಿನ. ಹಮಾಲರ ಮೇಸ್ತ್ರಿ ಲಾರಿಗೆ ಇಡುವಂತೆ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, "ಹತ್ತಸ್ರಿ" ಎಂದ. ಗಾಡಿ ಓಡಿಸಲು ಬಂದಿದ್ದ ತೆಲಿಗಿಯ ಕಾಕಾ ಮೂರು ಹಣ್ಣು ಜೇಬಿಗೆ ಹಾಕಿಕೊಂಡು, ಒಂದನ್ನು ದೂರ ನೆಲದ ಮೇಲಿಟ್ಟರು.

"ಹಿಸುಕೂದು ಯಾರಿಗರ ಬರ್ತೈತಿ. ಹಿಸುಕದಂಗ ನಿಂದ್ರಸೂದು ನೋಡ್ರಿ."

ಗಾಡಿ ಬುರ್ರನೆ ಹೋಗಿ, ಕೋಡಿನ ತುದಿ ಹಣ್ಣಿಗೆ ಮುಟ್ಟಿ ನಿಂತಿತು. ಹಣ್ಣು ಅಲುಗಲಿಲ್ಲ. ನಾನು ತೆರೆದ ಬಾಯಿ ಮುಚ್ಚಲಿಲ್ಲ. ಮೇಸ್ತ್ರಿಗೆ ಬೇರೆ ಚಿಂತೆ: "ಹಣ್ಣು ಒಡೀದ ಪೂಜಿ ಹೆಂಗ ಮುಗೀತೈತ್ರಿ?" ಕೊನೆಗೆ ತಾನೇ ಹಾರಿ ಬರಿಗಾಲಲ್ಲಿ ತುಳಿದ. ಗಾಡಿಗೆ ಇವತ್ತಿನವರೆಗೂ ಏನೂ ಆಗಿಲ್ಲ. ಮೇಸ್ತ್ರಿಯ ಒಡೆದ ಹಿಮ್ಮಡಿ ಮಾತ್ರ ವಾರವಿಡೀ ಉರಿಯಿತು.

೨. ಮೇಲೆ ಹೋದವನು

"ಕಾಕಾ, ನನಗೂ ಕಲಸ್ರಿ" ಎಂದು ಬೆನ್ನುಬಿದ್ದೆ. ನನಗೆ ಬೇರೆ ಏನೂ ಬೇಡವಾಗಿತ್ತು, ಆ ಸೀಟು ಬೇಕಿತ್ತು.

"ಮುಂದಿನ ಅಮಾಸಿ ತನಕ ಚ್ಯಾಷ್ಟಿ ಬಿಡು. ಕುಂದ್ರಸ್ತೀನಿ."

ಮೂರು ದಿನ ಬಿಟ್ಟೆ. ನಾಲ್ಕನೇ ದಿನ ಕಾಕಾ ಊಟಕ್ಕೆ ಹೋದಾಗ ಕೋಡಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಜೊತೆಗಾರ ಹಿಡಿಕೆ ಎಳೆದ. ಹನ್ನೆರಡು ಅಡಿ ಮೇಲೆ ಹೋದೆ.

"ಸಾಕು, ಇಳಸಲೇ!"

"ಎತ್ತೂದಷ್ಟ ನೋಡೇನಿ, ಇಳಸೂದು ನೋಡಿಲ್ಲಲೇ!"

ಕಾಕಾ ಬಂದರು. ಎರಡೇ ಬೆರಳಲ್ಲಿ ಹಿಡಿಕೆ ಹಿಡಿದರು. ಎಷ್ಟು ಮೆತ್ತಗೆ ಇಳಿಸಿದರೆಂದರೆ, ನೆಲ ಬಂದದ್ದೂ ತಿಳಿಯದೆ ಕಣ್ಣು ಮುಚ್ಚಿ ಗಾಡಿಯ ಕಂಬ ಅವಚಿಕೊಂಡು "ಯವ್ವಾ" ಎನ್ನುತ್ತಲೇ ಇದ್ದೆ. "ಅಮಾಸಿ ಒಂದು ತಿಂಗಳು ಮುಂದ ಹೋತು" ಎಂದರು. ಅವತ್ತಿನಿಂದ ಗಾಡಿ ಕೀಲಿ ಕಾಕಾನ ಉಡದಾರಕ್ಕೆ ಸೇರಿತು.

೩. ಪೋಂ

ಚೀಲದ ಸಾಲಿನ ಮೂಲೆ ತಿರುಗುವಾಗ ಕಾಕಾ ಹಾರ್ನ್ ಹೊಡೆಯದೆ ಇರುತ್ತಿರಲಿಲ್ಲ. ನಾನು ಮರೆಯಲ್ಲಿ ನಿಂತು ಬಾಯಲ್ಲೇ "ಪೋಂ" ಅಂದೆ. ಹಮಾಲರು ಚೀಲ ಬಿಟ್ಟು ಗೋಡೆಗೆ ಅಂಟಿದರು. ನಾಲ್ಕು ಸಲ ಅಂಟಿದರು. ಐದನೇ ಸಲ ಖರೇ ಹಾರ್ನ್ ಬಂತು. "ಮತ್ತ ಅವನ ಬಿಡ್ರಲೇ" ಎಂದು ಮೇಸ್ತ್ರಿ ಕದಲಲೇ ಇಲ್ಲ.

ಗಾಡಿ ನಿಂತಿತು. ಕಾಕಾ ಇಳಿದು, ಮೇಸ್ತ್ರಿಯ ಹೊಟ್ಟೆಗೂ ಕೋಡಿಗೂ ನಡುವೆ ಕೈ ಇಟ್ಟು ಅಳೆದರು. ಒಂದು ಗೇಣು.

"ಲೇ ತಮ್ಮಾ, ಈ ಗೇಣಿನಾಗ ಇವನ ಹೆಂಡ್ತಿ, ಮೂರು ಮಕ್ಕಳು, ಇವರವ್ವ ಅದಾರ. ಎಣಿಸ್ಕೋ."

ಬೆರಳು ಮಡಚಿ ಎಣಿಸಿದೆ, ಐದು. ಅಮಾಸಿ ತನಕ ಪ್ರತಿ ಮೂಲೆಗೂ ಗಾಡಿಗಿಂತ ಮುಂದೆ ಹೋಗಿ "ಪೋಂ" ಅನ್ನುವುದು ನನ್ನ ಶಿಕ್ಷೆ. ಬಾಯಿಗೆ ಹೇಗೆ ಅಂಟಿತೆಂದರೆ, ಮನೆಯಲ್ಲಿ ಅಡಿಗೆಮನೆ ಬಾಗಿಲಲ್ಲೂ "ಪೋಂ" ಅಂದೆ. ಅವ್ವ ರೊಟ್ಟಿ ಬಿಟ್ಟು ಗೋಡೆಗೆ ಆನಿಕೊಂಡಳು.

೪. ಸೀಟು

ಅಮಾಸಿ ಬಂತು. ಭಾರವಿಲ್ಲದ ಗಾಡಿ, ಎಲ್ಲರೂ ಲಾರಿ ಕಟ್ಟೆಯ ಮೇಲೆ ದೂರ. ಕಾಕಾ ಗೋಡೆ ಹತ್ತಿರ ಒಂದು ನಿಂಬೆಹಣ್ಣಿಟ್ಟು, ಉಡದಾರದಿಂದ ಕೀಲಿ ಬಿಚ್ಚಿ ಕೊಟ್ಟರು. "ಹಣ್ಣು ನೋಡು. ಮಂದೀನ ನೋಡಬ್ಯಾಡ."

ಹೋದೆ. ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಿದೆ. ಹಣ್ಣು ಅಲುಗಲಿಲ್ಲ. ಕಾಕಾ ತಮ್ಮ ಹಳದಿ ಹೆಲ್ಮೆಟ್ ತೆಗೆದು ನನ್ನ ತಲೆಗಿಟ್ಟರು. ಮೇಸ್ತ್ರಿ ಕಣ್ಣೊರೆಸಿಕೊಂಡು ಹಾರ ಹಾಕಿದ.

ಹೋಗಲಿ, ಖರೇ ಹೇಳಿಬಿಡುತ್ತೇನೆ. ಈ ಕೊನೆ ನಾನು ಕಟ್ಟಿದ್ದು. ಗೋಡೆಯಲ್ಲಿ ಎರಡು ತೂತು ಇವೆ, ಒಂದರೊಳಗೆ ನಿಂಬೆಹಣ್ಣು ಇನ್ನೂ ಕೂತಿದೆ. ಕಾಕಾ ಬೈಯಲಿಲ್ಲ. ಬಗ್ಗಿ ತೂತು ನೋಡಿ, "ನಾಳೆ ಬರೂವಾಗ ಒಂದು ಡಜನ್ ಹಣ್ಣು ತಗೊಂಡು ಬಾ" ಎಂದರು.

ಮೇಸ್ತ್ರಿ ಕಟ್ಟೆಯ ಮೇಲಿಂದ ಕೈ ಮುಗಿದ: "ಹಣ್ಣು ಸಂತ್ಯಾಗ ಸಿಗ್ತಾವ್ರಿ ಕಾಕಾ. ಗ್ವಾಡಿ ಎಲ್ಲಿಂದ ತರೂದು?"