ಜಾಣೆಯ ಅಪ್ಪ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಕನ್ನಡಕದಂಗಡಿಯ ಗೋಡೆಗೆ ತೂಗುಹಾಕಿದ್ದ ಅಕ್ಷರದ ಹಲಗೆ. ಗಿರಾಕಿಗಳ ಕಣ್ಣು ಪರೀಕ್ಷಿಸುವ ಆ ಹಲಗೆಯಲ್ಲಿ ಮೇಲಿನ ಸಾಲಿನ ಅಕ್ಷರ ಆನೆಯಷ್ಟು, ಕೆಳಗಿನ ಸಾಲಿನದು ಇರುವೆಯಷ್ಟು. ಅಂಗಡಿಯವನ ಆರು ವರ್ಷದ ಮಗಳು, ಎಲ್ಲರೂ ಗುಬ್ಬಿ ಎಂದು ಕರೆಯುವವಳು, ಶಾಲೆ ಬಿಟ್ಟ ಮೇಲೆ ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಒಂದು ಸಂಜೆ ಬೇಜಾರು ಕಳೆಯಲೆಂದು ಹಲಗೆಗೆ ಬೆನ್ನು ಹಾಕಿ, ಇರುವೆಯಿಂದ ಆನೆಯವರೆಗೆ ಅಷ್ಟೂ ಅಕ್ಷರಗಳನ್ನು ಗಡಗಡನೆ ಒಪ್ಪಿಸಿಬಿಟ್ಟಳು.

ಸರಿಯಾಗಿ ಅದೇ ಹೊತ್ತಿಗೆ, ಕನ್ನಡಕದ ಕಾಲು ಮುರಿದುಕೊಂಡು ಬಂದಿದ್ದ ಹೆಡ್‌ಮಿಸ್ಟ್ರೆಸ್ ಒಬ್ಬರು ಅದನ್ನು ಕೇಳಿಸಿಕೊಂಡರು.

"ಇದು ಸಾಮಾನ್ಯ ಮಗು ಅಲ್ಲ ರೀ! ಇಂಥ ಮಕ್ಕಳಿಗೇ ಅಂತ ಒಂದು ವಿಶೇಷ ಪ್ರತಿಭಾ ತರಗತಿ ಇದೆ. ಪ್ರವೇಶ ಪರೀಕ್ಷೆಗೆ ಕೂರಿಸಿ."

ಅಂಗಡಿಯವನು ಅಂದು ಮನೆಗೆ ನೆಲದ ಮೇಲೆ ಕಾಲಿಡದೆ ಹೋದ. ಹೆಂಡತಿಗೆ ಹೇಳಿದ. ಹೆಂಡತಿ ಮೆಟ್ಟಿಲ ಮೇಲೆ ಸಿಕ್ಕ ಮೇಲ್ಮನೆಯ ಬ್ಯೂಟಿ ಪಾರ್ಲರ್ ಆಂಟಿಗೆ ಹೇಳಿದಳು. ಒಲೆ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಸುದ್ದಿ ಮೂರೂ ಮಹಡಿ ಹತ್ತಿ ಇಳಿದಿತ್ತು.

ಪರೀಕ್ಷೆ ಇದ್ದದ್ದು ಒಂದು ಭಾನುವಾರ ಮಧ್ಯಾಹ್ನ. ಹೆಂಡತಿ ನರ್ಸು, ಅಂದೇ ಅವಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದಳು: "ಮಗು ತಲೆ ತಿನ್ನಬೇಡಿ, ನಿಮ್ಮ ತಲೇನೂ ಕೆಡಿಸ್ಕೋಬೇಡಿ. ಹೊಟ್ಟೆ ತುಂಬ ಊಟ ಹಾಕಿ ಕರ್ಕೊಂಡು ಹೋಗಿ, ಅಷ್ಟೇ."

"ಅಷ್ಟೂ ಗೊತ್ತಾಗಲ್ವೇನೇ ನಂಗೆ?" ಎಂದ ಗಂಡ.

ಅವಳು ಕೆಳಗಿಳಿದಳೋ ಇಲ್ಲವೋ, ಕೆಳಮನೆಯ ಲೆಕ್ಕದ ಮೇಷ್ಟ್ರು ಮೇಲೆ ಹತ್ತಿ ಬಂದರು. ನಿವೃತ್ತರಾದ ಮೇಲೆ ಅವರಿಗೆ ಬೈಯಲು ಮಕ್ಕಳು ಸಿಗದೆ, ಹಲ್ಲಿದ್ದೂ ಕಡಲೆಯಿಲ್ಲದವನ ಬಾಯಂತೆ ದಿನಗಳು ಖಾಲಿ ಬಿದ್ದಿದ್ದವು. ಬಂದವರೇ ಕುರ್ಚಿ ಎಳೆದುಕೊಂಡರು.

"ಬಾಮ್ಮಾ ಇಲ್ಲಿ. ಒಂದು ತೊಟ್ಟಿ. ಒಂದು ನಲ್ಲಿ ಅದನ್ನ ತುಂಬ್ಸುತ್ತೆ. ಇನ್ನೊಂದು ನಲ್ಲಿ ಖಾಲಿ ಮಾಡುತ್ತೆ. ಎರಡೂ ಒಟ್ಟಿಗೆ ಬಿಟ್ಟರೆ?"

ಗುಬ್ಬಿ ಯೋಚಿಸಿದಳು. "ಯಾಕೆ ಬಿಡ್ತಾರೆ, ತಾತ? ಅವರಮ್ಮ ಬೈಯಲ್ವಾ?"

ಮೇಷ್ಟ್ರ ಮುಖ ಹರಳೆಣ್ಣೆ ಕುಡಿದಂತಾಯಿತು. "ಮಗೂಗೆ ಕಣ್ಣಾರೆ ತೋರ್ಸಬೇಕು ಕಣಯ್ಯ. ಬಚ್ಚಲಲ್ಲಿ ಬಕೆಟ್ ಇಟ್ಟು ನಲ್ಲಿ ಬಿಡು, ಹೋಗು" ಎಂದು ಅಪ್ಪನಿಗೆ ಅಪ್ಪಣೆ ಮಾಡಿದರು. ತಳ ತೂತಾದ ಹಳೆಯ ಬಕೆಟ್ ಒಂದು ಸಿಕ್ಕಿತು. ಅದನ್ನು ನಲ್ಲಿಯ ಕೆಳಗಿಟ್ಟು ತಿರುಗಿಸುತ್ತಿದ್ದಂತೆ ಯಾರೋ ಬಾಗಿಲು ಬಡಿದರು.

ಪಾರ್ಲರ್ ಆಂಟಿ. ಕೈಯಲ್ಲಿ ಬಾಚಣಿಗೆ, ಕ್ಲಿಪ್ಪು, ಒಂದು ಕನ್ನಡಿ.

"ಲೆಕ್ಕ ಯಾರು ಬೇಕಾದ್ರೂ ಮಾಡ್ತಾರೆ, ಅಣ್ಣಾ. ಒಳಗೆ ಹೋದ ತಕ್ಷಣ ನೋಡೋದು ಮುಖ! ಗುಬ್ಬೀ, ನಗು ನೋಡೋಣ. ಹಾಗಲ್ಲ, ಹಲ್ಲು ಕಾಣ್ಬೇಕು. ಪ್ರಶ್ನೆ ಮುಗಿಯೋದ್ರೊಳಗೆ ಉತ್ತರ ಹೇಳ್ಬಿಡ್ಬೇಕು, ಪಟ್ ಅಂತ!"

"ಪಟ್ ಅಂತ ಹೇಳಿದ್ರೆ ತಪ್ಪು ಉತ್ತರ ಬರುತ್ತೆ. ಕಣ್ಣು ಮುಚ್ಚಿ ಯೋಚನೆ ಮಾಡಿ ಹೇಳ್ಬೇಕು" ಎಂದರು ಮೇಷ್ಟ್ರು.

"ಕಣ್ಣು ಮುಚ್ಚಿದ್ರೆ ನಿದ್ದೆ ಬಂದಿದೆ ಅಂದ್ಕೋತಾರೆ!"

"ಹಲ್ಲು ಕಿರಿದ್ರೆ ಏನಂದ್ಕೋತಾರೋ?"

ಅಪ್ಪ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿ, ಇತ್ತ ಒಮ್ಮೆ "ಹೌದು ಮೇಷ್ಟ್ರೇ", ಅತ್ತ ಒಮ್ಮೆ "ಹೌದು ಆಂಟಿ" ಎನ್ನುತ್ತ ನಿಂತ. ಗುಬ್ಬಿ ಕಣ್ಣು ಮುಚ್ಚಿ ಹಲ್ಲು ಕಿರಿದು ಇಬ್ಬರನ್ನೂ ಸಮಾಧಾನಪಡಿಸಲು ನೋಡಿದಳು. ಅದು ಹಲ್ಲುನೋವಿನ ಮುಖದಂತೆ ಕಾಣಿಸಿತು.

ಆಗ ಕೆಳಗಿನಿಂದ ಮೇಷ್ಟ್ರ ಹೆಂಡತಿಯ ಕೂಗು ಕೇಳಿಸಿತು. "ರೀ! ಛಾವಣಿ ಸೋರ್ತಾ ಇದೆ! ಮಂಚ ನೆನೀತಾ ಇದೆ! ಎಲ್ಲಿ ಹಾಳಾಗಿ ಹೋದ್ರಿ?"

ನಲ್ಲಿ! ಮೂವರೂ ಬಚ್ಚಲಿಗೆ ನುಗ್ಗಿದರು. ಬಕೆಟ್ಟು ತುಂಬಿರಲಿಲ್ಲ ನಿಜ. ಅದರ ತೂತಿನಿಂದ ಹೋದ ನೀರು ಮಾತ್ರ ಬಚ್ಚಲು ತುಂಬಿ, ಹೊಸ್ತಿಲು ದಾಟಿ, ದಾರಿ ಹುಡುಕಿಕೊಂಡು ಲೆಕ್ಕ ಹಾಕಿದವರ ಮನೆಗೇ ಇಳಿದಿತ್ತು. ಮೇಷ್ಟ್ರು ಪಂಚೆ ಎತ್ತಿಕೊಂಡು ಕೆಳಗೋಡಿದರು. ಅಪ್ಪ ಕೈಗೆ ಸಿಕ್ಕ ಬಟ್ಟೆಯಿಂದ ನೆಲ ಒರೆಸಿದ. ಒರೆಸಿಯಾದ ಮೇಲೆ ನೋಡಿದರೆ, ಅದು ಅವನು ಪರೀಕ್ಷೆಗೆ ಹಾಕಿಕೊಂಡು ಹೋಗಲೆಂದು ಇಸ್ತ್ರಿ ಮಾಡಿಸಿಟ್ಟಿದ್ದ ಅಂಗಿ.

ತಲೆಯೆತ್ತಿದರೆ ಗುಬ್ಬಿ ಇಲ್ಲ.

ಮಂಚದಡಿ ಇಲ್ಲ, ಮೆಟ್ಟಿಲ ಮೇಲೆ ಇಲ್ಲ, ತಾರಸಿಯಲ್ಲಿ ಇಲ್ಲ. ಹೆಂಡತಿಗೆ ಏನು ಹೇಳುವುದು? ಪ್ರತಿಭೆ ಹುಡುಕಲು ಹೋಗಿ ಮಗುವನ್ನೇ ಕಳೆದೆ ಎಂದೇ? ಕೊನೆಗೆ ಬೀರುವಿನೊಳಗಿನಿಂದ ಸಣ್ಣ ಗೊರಕೆ ಕೇಳಿಸಿತು. ಅಮ್ಮನ ಬಟ್ಟೆಗಳ ನಡುವೆ ಮುದುರಿಕೊಂಡು ಗುಬ್ಬಿ ಮಲಗಿದ್ದಳು. ಇಡೀ ಮನೆಯಲ್ಲಿ ಯಾರೂ ಪ್ರಶ್ನೆ ಕೇಳದ ಜಾಗ ಅದೊಂದೇ ಇತ್ತು.

ಊಟ ಹಾಕಲು ಪುರಸೊತ್ತಾಗಲಿಲ್ಲ. ಒಂದು ಬಾಳೆಹಣ್ಣು ಅವಳ ಕೈಗಿಟ್ಟು, ಒದ್ದೆ ಪ್ಯಾಂಟಿನಲ್ಲೇ ಬಸ್ಸು ಹತ್ತಿ, ಪರೀಕ್ಷೆಯ ಕಟ್ಟಡ ತಲುಪುವಾಗ ಅಪ್ಪನಿಗೆ ನಾಲಿಗೆ ಹೊರಬಂದಿತ್ತು. ಬಿಳಿ ಕೂದಲನ್ನು ಚಿಕ್ಕದಾಗಿ ಕತ್ತರಿಸಿಕೊಂಡಿದ್ದ ಮೇಡಂ ಒಬ್ಬರು ಗುಬ್ಬಿಯ ಕೈ ಹಿಡಿದು ಒಳಗೆ ಕರೆದೊಯ್ದರು.

ಹೊರಗೆ ಬೆಂಚಿನ ಮೇಲೆ ಸಾಲಾಗಿ ಕೂತ ಅಪ್ಪ ಅಮ್ಮಂದಿರು ಉಗುರು ಕಚ್ಚುತ್ತಿದ್ದರು. ಅಪ್ಪ ಎರಡು ಬೆರಳಿನ ಉಗುರು ಮುಗಿಸಿ ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲು ತೆರೆದು ಗುಬ್ಬಿ ಒಬ್ಬಳೇ ಕುಣಿಯುತ್ತ ಬಂದಳು.

"ಇಷ್ಟು ಬೇಗ ಮುಗೀತಾ ಕಂದಾ?"

"ಶುರುನೇ ಮಾಡಿಲ್ಲ. ಬರೆಯಲ್ಲ ಅಂತ ಹೇಳಿ ಬಂದೆ."

"ಅಯ್ಯೋ, ಯಾಕೇ?"

"ಪಾಸಾದ್ರೆ ಏನಾಗುತ್ತೆ ಅಂತ ಆ ಮೇಡಂನ ಕೇಳ್ದೆ. ಇದಕ್ಕಿಂತ ಕಷ್ಟದ ಲೆಕ್ಕ ಕೊಡ್ತೀವಿ ಅಂದ್ರು. ಫೇಲಾದ್ರೆ? ಅಂದೆ. ಏನೂ ಇಲ್ಲ, ಮನೆಗೆ ಹೋಗಿ ಆಟ ಆಡ್ಬೋದು ಅಂದ್ರು." ಗುಬ್ಬಿ ಅಪ್ಪನ ಮುಖ ನೋಡಿದಳು. "ನೀನಾಗಿದ್ರೆ ಏನ್ ಮಾಡ್ತಿದ್ದೆ?"

ಅಪ್ಪನಿಗೆ ಬೈಯಬೇಕೆನಿಸಿತು. ಬಾಯಿಯನ್ನೂ ತೆರೆದ. ಆದರೆ ಬೈಗುಳದ ಬದಲು ಹೊರಬಂದದ್ದು ನಗು. ಬಿಗಿಯಾದ ಬೂಟನ್ನು ಬೆಳಗಿನಿಂದ ಮೆಟ್ಟಿದ್ದವನು ಸಂಜೆ ಕಳಚಿದಂತೆ ಮೈಯೆಲ್ಲ ಹಗುರವಾಯಿತು. ಇನ್ನು ತೊಟ್ಟಿ ಇಲ್ಲ, ನಲ್ಲಿ ಇಲ್ಲ, ಹಲ್ಲು ಕಿರಿಯುವುದಿಲ್ಲ! ಮಗಳನ್ನು ಎದುರಿನ ಐಸ್‌ಕ್ರೀಂ ಅಂಗಡಿಗೆ ಕರೆದೊಯ್ದು ಹೆಂಡತಿಗೆ ಫೋನ್ ಮಾಡಿದ.

"ಸದ್ಯ, ಬದುಕಿದ್ವಿ! ಈ ಗಲಾಟೆಗೆ ಮಗು ಸೊರಗಿಹೋಗಿತ್ತು" ಎಂದಳು ಅವಳು.

ಐಸ್‌ಕ್ರೀಂ ಅರ್ಧಕ್ಕೆ ಬಂದಿರುವಾಗ ಬಿಳಿ ಕೂದಲಿನ ಮೇಡಂ ರಸ್ತೆ ದಾಟಿ ಏದುಸಿರು ಬಿಡುತ್ತ ಬಂದರು.

"ಸದ್ಯ, ಸಿಕ್ಕಿದ್ರಲ್ಲ! ಅಭಿನಂದನೆ. ನಿಮ್ಮ ಮಗಳು ಆಯ್ಕೆ ಆಗಿದ್ದಾಳೆ."

ಅಪ್ಪನ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. "ಅವಳು ಬರೆದೇ ಇಲ್ವಲ್ಲ, ಮೇಡಂ!"

"ಪೇಪರ್ ಬರೀ ನೆಪ ರೀ. ಬೇರೆ ಮಕ್ಕಳೆಲ್ಲ ಕೊಟ್ಟ ತಕ್ಷಣ ಪೆನ್ಸಿಲ್ ಹಿಡಿದ್ರು. ಇದರಿಂದ ನನಗೇನು ಅಂತ ಕೇಳಿ ತೀರ್ಮಾನ ಮಾಡಿದ ಮಗು ಇವಳೊಬ್ಬಳೇ. ಆದ್ರೆ ನಮ್ಮದೊಂದು ಕಟ್ಟುನಿಟ್ಟು. ಮನೇಲಿ ಅವಳಿಗೆ ಯಾರೂ ಪಾಠ ಹೇಳಿಕೊಡಬಾರ್ದು. ಅಕ್ಕಪಕ್ಕದೋರಂತೂ ಕೂಡ್ಲೇ ಕೂಡ್ದು."

ಅಪ್ಪನಿಗೆ ಹೋದ ಜೀವ ಮರಳಿ ಬಂದಂತಾಯಿತು. "ಖಂಡಿತ ಮೇಡಂ! ಆಣೆ ಬೇಕಾದ್ರೂ ಮಾಡ್ತೀನಿ!"

"ಸಂತೋಷ. ಹಾಗಾದ್ರೆ ಮುಂದಿನ ಭಾನುವಾರ ನೀವು ಬನ್ನಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ರು ಪರೀಕ್ಷೆ ಬರೀಬೇಕು. ಅವರು ಪಾಸಾದ್ರೇನೇ ಸೀಟು. ಯಾರು ಅಂತ ಮಗೂನೇ ಆರಿಸ್ಬೇಕು. ಒಳಗಿದ್ದಾಗ ಕೇಳಿದ್ದಕ್ಕೆ ಇವಳು ಆಗ್ಲೇ ನಿಮ್ಮ ಹೆಸರು ಹೇಳಿದ್ದಾಳೆ."

ಮೇಡಂ ಹೋದ ಮೇಲೆ ಅಪ್ಪ ಮಗಳ ತಲೆ ಸವರಿದ. ಕಣ್ಣು ತುಂಬಿ ಬಂದಿತ್ತು. "ಅಪ್ಪನ ಮೇಲೆ ಅಷ್ಟು ನಂಬಿಕೆನಾ, ಗುಬ್ಬಿ?"

"ಹೂಂ" ಎಂದಳು ಗುಬ್ಬಿ ಐಸ್‌ಕ್ರೀಂ ನೆಕ್ಕುತ್ತ. "ಅಮ್ಮ ಆದ್ರೆ ಪಾಸಾಗಿಬಿಡ್ತಾಳೆ."

ಅಪ್ಪನಿಗೆ ಯೋಚಿಸಿದರೆ ಮಗಳ ಲೆಕ್ಕದಲ್ಲಿ ತಪ್ಪೇನೂ ಕಾಣಿಸಲಿಲ್ಲ. ನಪಾಸಾಗುವುದಕ್ಕೆ ಅವನು ಯಾವ ತಯಾರಿಯನ್ನೂ ಮಾಡಬೇಕಾಗಿರಲಿಲ್ಲ. ನಿರಾಳವಾಗಿ ಮಗಳ ಕೈ ಹಿಡಿದು ಮನೆಗೆ ಹೊರಟ. ದಾರಿಯಲ್ಲಿ ಫೋನ್ ಮಾಡಿ ಹೆಂಡತಿಗೂ ವಿಷಯ ತಿಳಿಸಿದ. ಅದೊಂದೇ ಅವನು ಮಾಡಿದ ತಪ್ಪು.

ಅವರು ಮೆಟ್ಟಿಲು ಹತ್ತುವಷ್ಟರಲ್ಲಿ, ಆತುರದಲ್ಲಿ ಬೀಗ ಹಾಕಲು ಮರೆತಿದ್ದ ಬಾಗಿಲು ತೆರೆದೇ ಇತ್ತು. ಹೆಂಡತಿ ಆಸ್ಪತ್ರೆಯಿಂದಲೇ ಫೋನ್ ಮಾಡಿ ಮೇಷ್ಟ್ರ ಹೆಂಡತಿಗೆ ಹೇಳಿ, ಅವರು ಮೇಷ್ಟ್ರಿಗೆ ಹೇಳಿ, ಮೇಷ್ಟ್ರು ಪಾರ್ಲರ್ ಆಂಟಿಗೆ ಹೇಳಿಯಾಗಿತ್ತು. ಮೇಷ್ಟ್ರು ಬೇರೆ ಪಂಚೆ ಉಟ್ಟು, ಹತ್ತು ವರ್ಷ ಚಿಕ್ಕವರಾದವರಂತೆ ಹೊಳೆಯುತ್ತ ನಿಂತಿದ್ದರು. ಆಂಟಿ ಕನ್ನಡಿ ಒರೆಸುತ್ತಿದ್ದರು.

"ಮಗು ನೀನು ಆಡ್ಕೋ ಹೋಗಮ್ಮ, ನಿನ್ನ ಮುಟ್ಟಂಗಿಲ್ಲ" ಎಂದರು ಮೇಷ್ಟ್ರು. ಗುಬ್ಬಿ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಅಂಗಳಕ್ಕೆ ಓಡಿದಳು.

ಮೇಷ್ಟ್ರು ಕುರ್ಚಿ ಎಳೆದು ಅಪ್ಪನ ಭುಜ ಹಿಡಿದು ಕೂರಿಸಿದರು.

"ಒಂದು ವಾರ ಇದೆ ಕಣಯ್ಯ. ನಿನ್ನ ಪಾಸು ಮಾಡಿಸ್ದೆ ನಾನು ಬಿಡೋನಲ್ಲ."