ಬಾಲವಿಲ್ಲದ ಮೌಸು

ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತೆ ಆಡಲು ಶಶಿಧರನ ಮೌಸು ಆರಿಸಿಕೊಂಡ ದಿನ, ಅವನು ಬಾಳಿನಲ್ಲಿ ಒಂದೇ ಒಂದು ಸಲ ಸರಿಯಾಗಿ ಒತ್ತಬೇಕಾಗಿದ್ದ ದಿನವೇ ಆಗಿತ್ತು.

ಶಶಿಧರ ಕೆಜಿಎಫ್‌ನ ಫ್ಯಾಕ್ಟರಿಯೊಂದರ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತ. ಫ್ಯಾಕ್ಟರಿ ಕಾಲನಿಯ ಕೆಳಮನೆಯಲ್ಲಿ ಹೆಂಡತಿ ಬಿಂದುಶ್ರೀಯೊಂದಿಗೆ ವಾಸ. ಮೇಲ್ಮನೆಯಲ್ಲಿ ಫೋರ್‌ಮನ್ ವೆಂಕಟಪ್ಪ, ಅವನ ಹೆಂಡತಿ ಕಾಂತಮ್ಮ ಮತ್ತು ಮಗಳು ಚಂದನ. ವೆಂಕಟಪ್ಪನಿಗೆ ಫ್ಯಾಕ್ಟರಿಯಲ್ಲಿ ದಿನವಿಡೀ ಸುತ್ತಿಗೆ ಬಡಿದರೂ ತೃಪ್ತಿಯಾಗುತ್ತಿರಲಿಲ್ಲ. ಮನೆಗೆ ಬಂದು ಚೆನ್ನಾಗಿರುವ ಕುರ್ಚಿಗಳನ್ನು ರಿಪೇರಿ ಮಾಡುತ್ತಿದ್ದ. ಕಾಂತಮ್ಮ ಮಿಕ್ಸಿಯನ್ನು ಷೋಕೇಸಿನಲ್ಲಿಟ್ಟು ಖಾರವನ್ನು ಒರಳಲ್ಲೇ ಕುಟ್ಟುವಷ್ಟು ರುಚಿ ಬಲ್ಲ ಹೆಂಗಸು. ಒರಳು ಇದ್ದದ್ದು ಶಶಿಧರನ ಮಂಚದ ನೆತ್ತಿಯ ಮೇಲೆ. ಕುಟ್ಟಿ ಮುಗಿದ ಮೇಲೆ ಆಕೆ ಬಾಲ್ಕನಿಯಿಂದ ಬಗ್ಗಿ, ಕೆಳಮನೆಯಲ್ಲಿ ಇವತ್ತು ಏನು ಸಾರು, ನಿನ್ನೆ ಬಂದಿದ್ದವರು ಯಾರು, ಊಟ ಮಾಡಿ ಹೋದರೋ ಹಾಗೇ ಹೋದರೋ ಎಂದು ವಿಚಾರಣೆ ನಡೆಸುತ್ತಿದ್ದಳು.

ಈ ಸುಖವನ್ನು ಇನ್ನು ತಾಳಲಾರೆ ಎಂದು ಶಶಿಧರ ಮನೆ ಬದಲಿಸಲು ಹೊರಟಿದ್ದ. ಊರಿಗಾಂನಲ್ಲಿ ಹಳೇ ಕಂಪನಿ ಕಾಲದ ಜೋಡಿಮನೆಯೊಂದರ ಎರಡೂ ಭಾಗ ಖಾಲಿಯಿದ್ದವು. ಮೇಲೆ ಹೆಂಚು, ಹೆಂಚಿನ ಮೇಲೆ ಆಕಾಶ. ಆಕಾಶದಲ್ಲಿ ಯಾರೂ ಖಾರ ಕುಟ್ಟುವುದಿಲ್ಲ. ಬೇಕಾದ ಮನೆಯನ್ನು ಫ್ಯಾಕ್ಟರಿಯ ವೆಬ್‌ಸೈಟಿನಲ್ಲಿ ಆರಿಸಿ ಆ ದಿನ ಸಂಜೆ ಐದರೊಳಗೆ ಗುಂಡಿ ಒತ್ತಬೇಕಿತ್ತು. ಮೊದಲು ಒತ್ತಿದವರಿಗೆ ಮನೆ. ಒತ್ತಿದ ಮೇಲೆ ಮೂರು ವರ್ಷ ಮತ್ತೆ ಬದಲಾವಣೆ ಇಲ್ಲ.

ಆಫೀಸಿನಲ್ಲಿ ಒತ್ತಿದರೆ ಹತ್ತು ಜನ ನೋಡಿ ಹನ್ನೊಂದನೆಯವನು ಮೊದಲೇ ಒತ್ತಿಬಿಡುತ್ತಾನೆ. ಮೊಬೈಲಿನಲ್ಲಿ ಆ ಪುಟ ಅರ್ಧ ಮಾತ್ರ ಕಾಣುತ್ತಿತ್ತು. ಒತ್ತಬೇಕಾದ ಗುಂಡಿ ಉಳಿದರ್ಧದಲ್ಲಿತ್ತು. ಹಾಗಾಗಿ ಶಶಿಧರ ಬೆಳಿಗ್ಗೆಯೇ ತನಗೆ ಜ್ವರವೆಂದು ಆಫೀಸಿಗೆ ಮೆಸೇಜು ಕಳಿಸಿ, ಬಾಗಿಲು ಮುಚ್ಚಿ ಮನೆಯ ಕಂಪ್ಯೂಟರಿನ ಮುಂದೆ ಕೂತ.

ಆ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ಬಿಂದುಶ್ರೀಯ ತಮ್ಮ ನವನೀತ್. ಬಂಗಾರಪೇಟೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಅವನು ಕೆಲಸಕ್ಕಿದ್ದ. "ಭಾವ, ಇದಕ್ಕೆ ವೈರಸ್ ಬರಲ್ಲ" ಎಂದಿದ್ದ. ವೈರಸ್ ಬರಲಿಲ್ಲ ನಿಜ. ಪ್ರಿಂಟರೂ ಬರಲಿಲ್ಲ, ಸೌಂಡೂ ಬರಲಿಲ್ಲ. ಆದರೆ ಪುಕ್ಕಟೆ ಬಂದದ್ದಕ್ಕೆ ಹೆಸರಿಡುವ ಜಾತಿಯವನಲ್ಲ ಶಶಿಧರ.

ಅವನು ಜೋಡಿಮನೆಯ ಬಲಭಾಗದ ಮುಂದಿದ್ದ ಚೌಕಕ್ಕೆ ಟಿಕ್ ಹಾಕಿದ. ಟಿಕ್ ಬಂತು, ಹೋಯಿತು. ಮತ್ತೆ ಒತ್ತಿದ. ಬಂತು, ಹೋಯಿತು. ಕೊಟ್ಟ ಮಾತನ್ನು ಅಲ್ಲೇ ವಾಪಸು ಪಡೆಯುವ ಮಂತ್ರಿಯ ಹಾಗೆ ಮೌಸು ಒಂದು ಕ್ಲಿಕ್ಕಿನಲ್ಲಿ ಹಾಕಿದ್ದನ್ನು ತಾನೇ ಸೇರಿಸಿಕೊಂಡ ಇನ್ನೊಂದು ಕ್ಲಿಕ್ಕಿನಲ್ಲಿ ತೆಗೆಯುತ್ತಿತ್ತು. ಒಮ್ಮೆಯಂತೂ ಟಿಕ್ಕು ಜಾರಿ ಚರಂಡಿ ಪಕ್ಕದ ಮನೆಯ ಮೇಲೆ ಹೋಗಿ ಕೂತಿತು. ಶಶಿಧರ ಅದನ್ನು ಹೇಗೋ ಅಲ್ಲಿಂದ ಎಬ್ಬಿಸಿದ.

ನವನೀತನಿಗೆ ಫೋನು ಮಾಡಿದ.

"ಬ್ಯಾಟರಿ ತೆಗೆದು ಹಾಕಿ ಭಾವ."

"ಹಾಕ್ದೆ."

"ಹಂಗಾದ್ರೆ ಟರ್ಮಿನಲ್ ತೆಗೀರಿ, ಕಪ್ಪು ಕಿಟಕಿ. ನಾನು ಹೇಳಿದ್ದು ಟೈಪ್ ಮಾಡಿ."

ಮಾಡಿದ. ನಿನಗೆ ಆ ಅಧಿಕಾರವಿಲ್ಲ ಎಂದು ಕಂಪ್ಯೂಟರು ಇಂಗ್ಲಿಷಿನಲ್ಲಿ ಬೈಯಿತು.

"ಮುಂದೆ ಸುಡೋ ಸೇರಿಸಿ ಭಾವ."

"ಏನನ್ನ ಸುಡೋದು?"

"ಸುಡೋ ಅಂತ ಟೈಪ್ ಮಾಡಿ. ಸುಡೋ ಅಂದ್ರೆ ಲಿನಕ್ಸ್ ಎದುರು ಮಾತಾಡಲ್ಲ."

ನವನೀತ್ ಹೇಳಿಕೊಟ್ಟಂತೆ ಶಶಿಧರ "ಸುಡೋ… ಸುಡೋ…" ಎಂದು ಗಟ್ಟಿಯಾಗಿ ಉಚ್ಚರಿಸುತ್ತ ಒಂದೊಂದೇ ಅಕ್ಷರ ಕುಟ್ಟಿದ. ಈಗ ಮೌಸನ್ನು ಒತ್ತಿದಾಗಲೆಲ್ಲ ಕಪ್ಪು ಕಿಟಕಿಯಲ್ಲಿ ಸಾಲುಗಳು ಜೋಡಿಜೋಡಿಯಾಗಿ ಬಿದ್ದವು. ಅದನ್ನೂ ಫೋನಿನಲ್ಲಿ ಹೇಳಿದ.

"ಡಬಲ್ ಕ್ಲಿಕ್ ಬೀಳ್ತಿದೆ ಭಾವ" ಎಂದು ನವನೀತ್ ತೀರ್ಪು ಕೊಟ್ಟ.

"ಅದು ನನಗೆ ಬೆಳಿಗ್ಗೆಯಿಂದ ಗೊತ್ತಲ್ಲೋ."

"ಈಗ ಲಿನಕ್ಸ್‌ಗೂ ಗೊತ್ತಾಯ್ತು."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಕಾಂತಮ್ಮನಿಗೆ ಕೆಳಗಿನಿಂದ "ಸುಡೋ ಸುಡೋ" ಎಂಬ ನರಳಾಟ ಕೇಳಿಸಿ, ಆಕೆ ಕಷಾಯದ ಲೋಟದೊಂದಿಗೆ ಇಳಿದು ಬಂದಿದ್ದಳು. ಶಶಿಧರ ದಡಬಡಿಸಿ ಹೊದ್ದಿದ್ದ ಕಂಬಳಿಯನ್ನು ಮಾನಿಟರಿನ ಮೇಲೆ ಎಸೆದ.

"ಏನಣ್ಣಾ, ಮೈ ಸುಡ್ತಾ ಐತಾ? ಬಿಂದು ಯೋಳ್ಲೇ ಇಲ್ಲ."

"ಸ್ವಲ್ಪ ಜ್ವರ ಅಕ್ಕ."

ಕಾಂತಮ್ಮ ಕಂಬಳಿ ಹೊದ್ದ ಮಾನಿಟರನ್ನೂ, ಬರೀ ಬನಿಯನ್ನಿನಲ್ಲಿ ಕೂತ ರೋಗಿಯನ್ನೂ ನೋಡಿದಳು. "ಕಂಬ್ಳಿ ಅದ್ಕೆ ಒದ್ಸಿದ್ದೀರಲ್ಲ. ಅದ್ಕೂ ಚಳಿ ಜ್ವರಾನಾ?"

"ಮೌಸು ಕೆಟ್ಟಿದೆ ಅಕ್ಕ" ಎಂದುಬಿಟ್ಟ ಶಶಿಧರ. ಮನೆಯ ವಿಷಯ ಬಾಯಿಗೆ ಬರುವ ಮೊದಲು ಬೇರೇನಾದರೂ ಬರಲೆಂದು ಹಾಗೆಂದದ್ದು.

ಕಾಂತಮ್ಮ ಮೌಸನ್ನು ಎತ್ತಿ, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ತಿರುಗಿಸಿದಳು. "ಇದ್ಕೆ ಬಾಲಾನೇ ಇಲ್ವಲ್ಲಣ್ಣಾ. ಬಾಲ ಇಲ್ದಿರೋ ಇಲೀನ ಯಾರಾನಾ ನಂಬ್ತಾರಾ? ರವಷ್ಟು ಇರಿ, ನಮ್ಮೋರ್ನ ಕರೀತೀನಿ. ಇವತ್ತು ಸೆಕೆಂಡ್ ಶಿಫ್ಟು, ಮನೇಲೇ ಅವ್ರೆ."

ಬೇಡವೆನ್ನುವಷ್ಟರಲ್ಲಿ ವೆಂಕಟಪ್ಪ ಸ್ಕ್ರೂಡ್ರೈವರ್ ಸಮೇತ ಹಾಜರಾದ. ಜಗತ್ತಿನಲ್ಲಿ ಎರಡೇ ರೋಗಗಳಿವೆ ಎಂಬುದು ವೆಂಕಟಪ್ಪನ ಸಿದ್ಧಾಂತ. ಒಂದು ತುಕ್ಕು, ಇನ್ನೊಂದು ಸಡಿಲ. ಅವನು ಮೌಸಿನ ಹೊಟ್ಟೆ ಬಿಚ್ಚಿ, ಹೊಲಿಗೆ ಮಿಷಿನ್ನಿನ ಎಣ್ಣೆಯನ್ನು ಎರಡು ತೊಟ್ಟು ಬಿಟ್ಟು, ಮುಚ್ಚಿ, ಮೇಲೊಂದು ಗುದ್ದು ಕೊಟ್ಟ.

"ಎಣ್ಣೆ ಬಿದ್ರೆ ಎಂಥಾ ಮಿಷಿನ್ನಾದ್ರೂ ಮಾತು ಕೇಳ್ತೈತಪ್ಪ" ಎಂದು ಕೈ ಒರೆಸಿಕೊಂಡು ಹೋದ.

ಅವರು ಹೋದ ಮೇಲೆ ಶಶಿಧರ ಕಂಬಳಿ ಸರಿಸಿ ಒತ್ತಿ ನೋಡಿದ. ಎಣ್ಣೆ ಕುಡಿದ ಮೌಸು ಈಗ ಒಂದಕ್ಕೆ ಮೂರರಂತೆ ಒತ್ತುತ್ತಿತ್ತು. ಒಂದೇ ಪುಟ ಎಂಟು ಕಿಟಕಿಗಳಲ್ಲಿ ತೆರೆದುಕೊಂಡು, ಎಂಟರಲ್ಲೂ ಜೋಡಿಮನೆ ಖಾಲಿಯಿದೆ ಎಂದು ಅಣಕಿಸಿತು.

"ಅಂಗಡಿಗೆ ತನ್ನಿ ಭಾವ, ನೋಡೋಣ" ಎಂದ ನವನೀತ್ ಫೋನಿನಲ್ಲಿ.

ಜ್ವರದವನು ಕಾಲನಿ ದಾಟಬೇಕಾದರೆ ಜ್ವರದವನ ಹಾಗೆ ಕಾಣಬೇಕಲ್ಲ. ಶಶಿಧರ ಸ್ವೆಟರ್ ತೊಟ್ಟು, ಮಂಕಿಟೋಪಿ ಹಾಕಿಕೊಂಡು, ಮೌಸನ್ನೂ ಅದರ ರಿಸೀವರನ್ನೂ ಜೇಬಿನಲ್ಲಿಟ್ಟು ಬಂಗಾರಪೇಟೆಯ ಬಸ್ಸು ಹತ್ತಿದ. ನೆತ್ತಿ ಸುಡುವ ಬಿಸಿಲು. ಬಸ್ಸಿನಲ್ಲಿ ಪಕ್ಕದ ಸೀಟಿನವನು ಎದ್ದು ದೂರ ಹೋಗಿ ನಿಂತ.

ಅಂಗಡಿಯಲ್ಲಿ ನವನೀತ್ ಮೌಸನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದ. ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಮೌಸು ಅಲ್ಲಿ ಅತಿವಿನಯದಿಂದ ನಡೆದುಕೊಂಡಿತು. ಒಂದು ಒತ್ತಿದರೆ ಒಂದೇ. ಟಿಕ್ ಹಾಕಿದರೆ ಟಿಕ್, ತೆಗೆದರೆ ಇಲ್ಲ.

"ಮೌಸು ಚೆನ್ನಾಗೇ ಇದೆ ಭಾವ. ನೀವು ಒತ್ತೋದು ಜೋರಾಯ್ತೇನೋ. ಬೇಕಾದ್ರೆ ಹೊಸದು ಕೊಡ್ತೀನಿ."

"ಚೆನ್ನಾಗಿರೋದನ್ನ ಇಟ್ಕೊಂಡು ಹೊಸದು ಯಾಕೋ" ಎಂದ ಶಶಿಧರ. ಖರ್ಚು ಉಳಿಯಿತೆಂಬ ಖುಷಿಯಲ್ಲಿ ಅವನಿಗೆ ಬುದ್ಧಿಯೂ ಉಳಿಯಬೇಕಿತ್ತೆಂಬುದು ಹೊಳೆಯಲಿಲ್ಲ.

ಬಸ್ ಸ್ಟ್ಯಾಂಡಿನ ಬಳಿ ಬಂದಾಗ ಯಾರೋ "ಶಶಿಧರ್" ಎಂದರು. ನೋಡಿದರೆ ಅವನ ಸೆಕ್ಷನ್ ಆಫೀಸರ್ ವಿಜಯಕುಮಾರ್. ಆಫೀಸಿನ ಕೆಲಸದ ಮೇಲೆ ಬಂಗಾರಪೇಟೆಗೆ ಬಂದಿದ್ದ ಅವರು ಪಾನಿಪೂರಿ ಗಾಡಿಯ ಮುಂದೆ ತಟ್ಟೆ ಹಿಡಿದು ಆ ಕೆಲಸದಲ್ಲೇ ತೊಡಗಿದ್ದರು.

"ಜ್ವರ ಅಂತ ಮೆಸೇಜ್ ಹಾಕಿದ್ರಿ?"

"ಹೌದು ಸಾರ್. ಡಾಕ್ಟರ ಹತ್ರ ಬಂದೆ."

"ಕೆಜಿಎಫ್‌ನಲ್ಲಿ ಡಾಕ್ಟರು ಇಲ್ವೇನ್ರಿ?"

"ಇಲ್ಲಿಯವರ ಕೈಗುಣ ಚೆನ್ನಾಗಿದೆ ಅಂತಾರೆ ಸಾರ್."

"ಯಾವ ಡಾಕ್ಟರು?"

ಶಶಿಧರ ಕಣ್ಣಿಗೆ ಬಿದ್ದ ಮೊದಲ ಬೋರ್ಡಿನತ್ತ ಕೈ ತೋರಿಸಿದ. ತಾವೂ ಆಫೀಸಿನ ಹೊರಗೆ ಸಿಕ್ಕಿಬಿದ್ದಿದ್ದ ವಿಜಯಕುಮಾರರಿಗೆ ಒಂದು ಪುಣ್ಯಕಾರ್ಯದ ತುರ್ತು ಅಗತ್ಯವಿತ್ತು. "ಬನ್ನಿ, ನಾನೇ ಜೊತೆಗೆ ಬರ್ತೀನಿ. ಸಿಬ್ಬಂದೀನ ಹಿಂಗೆ ನಡುರಸ್ತೇಲಿ ಬಿಟ್ಟು ಹೋಗೋಕಾಗುತ್ತಾ" ಎಂದು ತೋಳು ಹಿಡಿದು ಒಳಗೆ ಕರೆದೊಯ್ದರು.

ಡಾಕ್ಟರು ಥರ್ಮಾಮೀಟರ್ ನೋಡಿದರು, ಸ್ವೆಟರ್ ನೋಡಿದರು, ಪಕ್ಕದಲ್ಲಿ ಗಂಭೀರವಾಗಿ ನಿಂತಿದ್ದ ಆಫೀಸರನ್ನು ನೋಡಿದರು. "ಜ್ವರ ಇನ್ನೂ ಹೊರಗೆ ಬಂದಿಲ್ಲ, ಒಳಗೇ ಇದೆ" ಎಂದು ಸೊಂಟದ ಕೆಳಗೆ ಇಂಜೆಕ್ಷನ್ ಚುಚ್ಚಿದರು. ಇಲ್ಲದ ಜ್ವರಕ್ಕೆ ಇರುವ ಸೂಜಿ. ವಿಜಯಕುಮಾರ್ ಬಸ್ಸಿನವರೆಗೂ ಬಂದು, "ನಾಳೆ ಮೆಡಿಕಲ್ ಸರ್ಟಿಫಿಕೇಟ್ ತಂದ್ಬಿಡಿ. ನಾನು ಇಲ್ಲಿ ಸಿಕ್ಕಿದ್ದು ಅದರಲ್ಲೇನೂ ಬೇಡ" ಎಂದು ಬೀಳ್ಕೊಟ್ಟರು.

ಕೆಜಿಎಫ್‌ವರೆಗೂ ಶಶಿಧರ ನಿಂತೇ ಬಂದ. ಸೀಟುಗಳು ಖಾಲಿ ಇದ್ದವು.

ಮನೆಗೆ ಬಂದು ಮೌಸು ಜೋಡಿಸಿದರೆ ಮತ್ತೆ ಅದೇ ಕುಣಿತ. ಮೌಸಿನ ಪುಟ್ಟ ರಿಸೀವರನ್ನು ಬೇರೆ ತೂತಿಗೆ ಹಾಕಿದ, ಟೇಬಲ್ಲಿಗೆ ಪೇಪರ್ ಹಾಸಿದ, ಲಿನಕ್ಸಿಗೆ ಇನ್ನೆರಡು ಸಲ ಸುಡೋ ಎಂದ. ಜಗ್ಗಲಿಲ್ಲ. ಐದಾಗಲು ಇನ್ನು ಸ್ವಲ್ಪವೇ ಹೊತ್ತು.

"ರೀ, ಕೀಬೋರ್ಡಲ್ಲೇ ಆಗಲ್ವಾ?" ಎಂದಳು ಬಿಂದುಶ್ರೀ.

"ಬೇಕಾದ ಕೀನೇ ಬಿದ್ದುಹೋಗಿದೆ."

"ಹಾಗಾದ್ರೆ ಮೇಲಿನೋರ ಮೌಸಾದ್ರೂ ಕೇಳಿ."

ಯಾರಿಂದ ಓಡಿಹೋಗಬೇಕೋ ಅವರನ್ನೇ ಚಪ್ಪಲಿ ಕೇಳುವುದೆಂದರೆ ಇದು. ಆದರೂ ಶಶಿಧರ ಕುಂಟುತ್ತ ಮೆಟ್ಟಿಲು ಹತ್ತಿದ. ಕಾಂತಮ್ಮ ಮರುಮಾತಿಲ್ಲದೆ ಮಗಳು ಚಂದನಳ ಕಂಪ್ಯೂಟರಿನಿಂದ ಮೌಸು ಕಿತ್ತು ಕೊಟ್ಟಳು. ಅದಕ್ಕೆ ಉದ್ದನೆಯ ಬಾಲವಿತ್ತು.

"ಬಿರ್ರನೆ ತಂದ್ಕೊಡಣ್ಣಾ. ಐದ್ರೊಳ್ಗೆ ನಂಗೂ ರವಷ್ಟು ಕೆಲ್ಸ ಐತೆ."

ಶಶಿಧರ ನಿಂತುಕೊಂಡೇ ಒತ್ತಿದ. ಟಿಕ್ ಬಂತು, ಅಲ್ಲೇ ಉಳಿಯಿತು. ಕೊನೆಯ ಗುಂಡಿ ಒತ್ತಿದ. "ನಿಮ್ಮ ಆಯ್ಕೆ ದಾಖಲಾಗಿದೆ" ಎಂದು ಹಸಿರು ಅಕ್ಷರಗಳು ಮೂಡಿದವು. ಮೌಸನ್ನು ಮೇಲಕ್ಕೆ ತಲುಪಿಸಿ, ಕೈ ಮುಗಿದು ಇಳಿದ. ಪಾಪ, ಒಳ್ಳೆಯ ಹೆಂಗಸೇ, ಕೆಳಗೆ ಯಾರೂ ಇಲ್ಲದೆ ವಿಚಾರಣೆಗೆ ಬೇಜಾರಾದೀತು ಎಂದು ಅರೆಕ್ಷಣ ಮರುಗಿದ. ಆಮೇಲೆ ಬಿಂದುಶ್ರೀಗೆ ಕೇಸರಿಬಾತು ಮಾಡಲು ಹೇಳಿದ.

ಕೇಸರಿಬಾತು ಒಲೆಯಿಂದ ಇಳಿಯುವ ಹೊತ್ತಿಗೆ ಕ್ವಾರ್ಟರ್ಸ್ ವಿಭಾಗದ ಚಲಪತಿಯ ಫೋನು ಬಂತು.

"ಜೋಡಿಮನೆ ಬಲಭಾಗ ನಿಮ್ದೇ ಆಯ್ತು ಶಶಿಧರ್."

"ತುಂಬಾ ಉಪಕಾರ ಆಯ್ತು ಚಲಪತಿಯವರೇ. ಎಡಭಾಗ ಖಾಲಿ ತಾನೇ?"

"ಇತ್ತು. ಇನ್ನೇನು ಐದಾಗ್ಬೇಕು ಅನ್ನೋವಾಗ ಹೋಯ್ತು. ನಿಮ್ಮ ವೆಂಕಟಪ್ಪನವರಿಗೆ."

ಶಶಿಧರ ಗೋಡೆ ಹಿಡಿದುಕೊಂಡ.

"ಯಾರಿಗೂ ಹೇಳ್ಬೇಡಿ" ಎಂದು ಚಲಪತಿ ದನಿ ತಗ್ಗಿಸಿದ. ಎಲ್ಲರಿಗೂ ಹೇಳುವ ಮುಂಚೆ ಅವನು ಹೀಗೆಯೇ ದನಿ ತಗ್ಗಿಸುತ್ತಿದ್ದ. "ಕೆಳಮನೆಯೋರ ಕಾಟ ತಡೆಯೋಕಾಗ್ತಿಲ್ಲ, ಕೆಳಗೆ ಯಾರೂ ಇಲ್ದಿರೋ ಮನೆ ತೋರ್ಸಿ ಅಂತ ಕಾಂತಮ್ಮನೋರು ಜೀವ ತಿಂತಿದ್ರು. ಆ ಮನೇನೇ ತೋರಿಸ್ದೆ. ನೀವು ಬಂದು ಮೇಲೆ ಯಾರೂ ಇರಬಾರ್ದು ಅಂದ್ರಿ. ನಿಮಗೂ ಅದನ್ನೇ ತೋರಿಸ್ದೆ. ಇಬ್ರಿಗೂ ಒಳ್ಳೇದಾಯ್ತು ನೋಡಿ."

"ಕಾಟಾನಾ? ನಮ್ಮಿಂದ ಏನ್ರೀ ಕಾಟ?"

"ಬೆಳಗಿನ ಜಾವ ಬಚ್ಚಲುಮನೇಲಿ ಯಾರೋ ಹಾಡ್ತಾರಂತೆ. ಒಂದೇ ಹಾಡಂತೆ, ಅದೂ ಅರ್ಧಕ್ಕೆ ನಿಲ್ಲುತ್ತಂತೆ. ಉಳಿದರ್ಧ ಯಾವಾಗ ಬರುತ್ತೋ ಅಂತ ಅವರಿಗೆ ನಿದ್ದೆ ಹತ್ತಲ್ಲವಂತೆ."

ಶಶಿಧರನಿಗೆ ಜೋಡಿಮನೆಯ ಆಘಾತಕ್ಕಿಂತ ಇದು ದೊಡ್ಡದಾಯಿತು. ಮೇಲ್ಮನೆಯವರಿಗೆ ಬೆಳಿಗ್ಗೆ ಕಿವಿಗೆ ಒಂದಿಷ್ಟು ಸಂಸ್ಕಾರ ಬೀಳುತ್ತಿದೆ ಎಂದೇ ಅವನು ಇಷ್ಟು ವರ್ಷ ನಂಬಿದ್ದ.

"ಬದಲಾಯಿಸೋಕೆ ಆಗಲ್ವಾ ಚಲಪತಿಯವರೇ?"

"ಧಾರಾಳವಾಗಿ ಆಗುತ್ತೆ. ಮೂರು ವರ್ಷ ಆದ್ಮೇಲೆ."

ಫೋನಿಡುವಷ್ಟರಲ್ಲಿ ಕಾಂತಮ್ಮ ಬಾಗಿಲಲ್ಲಿ ನಿಂತಿದ್ದಳು. ಆಕೆಯ ಕೈಯಲ್ಲೂ ಒಂದು ಬಟ್ಟಲು ಸಿಹಿ, ಮುಖದ ಮೇಲೆ ಅಂಟಿಸಿಕೊಂಡ ನಗು. ಚಲಪತಿ ಅಲ್ಲಿಗೂ ಫೋನು ಮಾಡಿದ್ದಾನೆಂದು ಶಶಿಧರನಿಗೆ ತಿಳಿಯಿತು. ಅವನಿಗೆ ತಿಳಿಯಿತೆಂದು ಆಕೆಗೂ ತಿಳಿಯಿತು.

"ನಿಮ್ಮನ್ ಬುಟ್ಟು ಓಗೋದು ಎಂಗೆ ಅಂತ ಬಲೇ ಬ್ಯಾಸ್ರ ಆಗಿತ್ತಣ್ಣಾ" ಎಂದಳು ಕಾಂತಮ್ಮ. "ದ್ಯಾವ್ರು ದೊಡ್ಡೋನು."

"ನಮಗೂ ಅದೇ ಯೋಚನೆ ಇತ್ತು ಅಕ್ಕ" ಎಂದ ಶಶಿಧರ.

ಬಿಂದುಶ್ರೀ ಇಬ್ಬರ ಮುಖವನ್ನೂ ನೋಡಿ, ಕೇಸರಿಬಾತನ್ನು ಇನ್ನೊಂದು ತಟ್ಟೆಗೂ ಬಡಿಸಿದಳು.

"ಒಂದೇ ಗೋಡೆ, ಒಂದೇ ಕೊಳಾಯಿ" ಎನ್ನುತ್ತ ಕಾಂತಮ್ಮ ತಟ್ಟೆ ಹಿಡಿದು ಕುರ್ಚಿಯಲ್ಲಿ ಆರಾಮಾಗಿ ಕೂತಳು. "ಎರಡು ಲಾರಿ ಯಾತಕ್ಕೆ, ಬರೀ ದಂಡ. ಒಂದ್ರಾಗೇ ಎರಡು ಮನೆ ಸಾಮಾನೂ ಏರಿಸ್ಬುಡಾಣ. ನಮ್ಮೋರು ಆಗ್ಲೇ ಫ್ಯಾಕ್ಟ್ರಿಯಿಂದ್ಲೇ ಫೋನ್ ಮಾಡಿ ಲಾರಿ ಬುಕ್ ಮಾಡವ್ರೆ."

"ಸರಿ ಬಿಡಿ ಅಕ್ಕ" ಎಂದ ಶಶಿಧರ.

ಕಾಂತಮ್ಮ ಒಂದು ತುತ್ತು ಬಾಯಿಗಿಟ್ಟು, ಸಕ್ಕರೆ ರವಷ್ಟು ಕಮ್ಮಿಯಾಯಿತು ಎಂದು ತಲೆಯಾಡಿಸಿ, ನುಂಗಿ, ಹೇಳಿದಳು.

"ನಿಮ್ ಎಸ್ರಲ್ಲೇ ಬುಕ್ ಮಾಡವ್ರೆ, ಅಣ್ಣಾ."