ಯಾರಿಗೂ ಹಬ್ಬವಿಲ್ಲದ ದಿನ

ಚಿನ್ನದ ಗಣಿಗಳ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ನನ್ನ ಸೋದರಮಾವನ ಸೋಡಾ ಫ್ಯಾಕ್ಟರಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ರಜೆ ಬಂತೆಂದರೆ ಊರಿಗೆಲ್ಲ ಖುಷಿ, ನನಗೆ ಜ್ವರ. ಸೋಡಾ ಖರ್ಚಾಗುವುದೇ ರಜಾ ದಿನ. ಸೋಡಾ ಮಾಡುವವರು ಕೈಗೆ ಸಿಗದಿರುವುದೂ ಅದೇ ದಿನ. ಫ್ಯಾಕ್ಟರಿ ಅಂದರೆ ದೊಡ್ಡದೇನಲ್ಲ. ಮಿಷನ್ ತಿರುಗಿಸಲು ಒಬ್ಬ ಸಾಬರು, ಬಾಟ್ಲಿ ತೊಳೆಯಲು ಗಣಿ ಕೂಲಿಗಳ ಕೋರಮಂಡಲ್ ಲೈನಿನ ಒಬ್ಬ ತಮಿಳು ಕ್ರಿಶ್ಚಿಯನ್ ಹೆಂಗಸು, ಸರಕು ಸಾಗಿಸಲು ಬಂಗಾರಪೇಟೆ ಕಡೆಯ ಹಳ್ಳಿಯ ಒಬ್ಬ ಗಾಡಿಯವನು. ಮೂರು ಜನ, ಮೂರು ಪಂಚಾಂಗ.

ಎರಡು ಹುಟ್ಟುಹಬ್ಬ

ಸೋಡಾಕ್ಕೆ ಬೇಕಾದ ಗ್ಯಾಸಿನ ಸಿಲಿಂಡರ್ ಮದ್ರಾಸಿನಿಂದ ರೈಲಿನಲ್ಲಿ ಬಂಗಾರಪೇಟೆಗೆ ಬರುತ್ತಿತ್ತು. ಒಂದು ಸಲ ಗಾಡಿ ಕಟ್ಟಿಸಿಕೊಂಡು ತರಲು ಹೋದರೆ ಗೂಡ್ಸ್ ಷೆಡ್ಡಿಗೆ ಬೀಗ. ಬ್ರಿಟಿಷ್ ಚಕ್ರವರ್ತಿಗಳ ಹುಟ್ಟುಹಬ್ಬವಂತೆ. ಛತ್ರದಲ್ಲಿ ಮಲಗಿದ್ದು, ಮರುದಿನ ಸಿಲಿಂಡರ್ ಬಿಡಿಸಿಕೊಂಡು ಬಂದರೆ ನಮ್ಮೂರ ಸುಂಕದ ಗೇಟಿನಲ್ಲಿ ತಡೆದರು. ಅವತ್ತು ಮಹಾರಾಜರ ವರ್ಧಂತಿ. ರೈಲು ಚಕ್ರವರ್ತಿಗಳದು, ಗೇಟು ಮಹಾರಾಜರದು. ಒಬ್ಬರ ಹುಟ್ಟುಹಬ್ಬ ತಾರೀಖಿನ ಮೇಲೆ, ಇನ್ನೊಬ್ಬರದು ನಕ್ಷತ್ರದ ಮೇಲೆ. ಆ ವರ್ಷ ನನ್ನ ಗ್ರಹಚಾರಕ್ಕೆ ಎರಡೂ ಬೆನ್ನುಬೆನ್ನಿಗೆ ಬಿದ್ದಿದ್ದವು. ಸುಂಕದ ಚೀಟಿ ಬರೆಯುವ ಗುಮಾಸ್ತರು ಪೂಜೆಗೆ ಹೋಗಿದ್ದರು. ಚೀಟಿಯಿಲ್ಲದೆ ಬಿಡುವಂತಿಲ್ಲ ಎಂದು ಕಾವಲುಗಾರ ಹಟ ಹಿಡಿದ. ಬೇಡಿಕೊಂಡೆ, ರೇಗಿದೆ, ಕೊನೆಗೆ ಸೋತು ಹುಣಸೆಮರದ ಕೆಳಗೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಅವನೇ ಬೆವರು ಒರೆಸಿಕೊಳ್ಳುತ್ತಾ ಹತ್ತಿರ ಬಂದು, "ಏನ್ ಬಿಸಿಲು ಸ್ವಾಮಿ. ಒಂದು ಸೋಡಾ ಇದ್ರೆ ಕೊಡಿ," ಅಂದ.

ಮಾವನ ಊರಿನ ಚಂದ್ರ

ರಂಜಾನ್ ಮುಗಿದಾಗ ಸಾಬರಿಗೆ ಯಾವತ್ತು ರಜೆ ಕೊಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ, ಅವರಿಗೂ ತಿಳಿಯುತ್ತಿರಲಿಲ್ಲ. ಚಂದ್ರ ಕಾಣಬೇಕು. ಒಂದು ವರ್ಷ ಸಂಜೆ ಅವರ ಜೊತೆ ನಾನೂ ಮಾಳಿಗೆ ಹತ್ತಿ ಕತ್ತು ನೋಯುವ ತನಕ ಹುಡುಕಿದೆ. ಬರೀ ಮೋಡ. ಸರಿ, ನಾಳೆ ಮಿಷನ್ ಓಡುತ್ತದೆ ಎಂದು ನೆಮ್ಮದಿಯಿಂದ ಮಲಗಿದೆ. ಮರುದಿನ ಅವರು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಅತ್ತರು ಹಚ್ಚಿಕೊಂಡು ಬಂದು ವಿವರಿಸಿದರು. ಚಂದ್ರ ನಮ್ಮೂರಲ್ಲಿ ಕಾಣದಿದ್ದರೂ ಬಂಗಾರಪೇಟೆಯಲ್ಲಿ ಕಂಡಿದ್ದನಂತೆ, ಅಲ್ಲಿ ಅವರ ಮಾವನ ಮನೆ. ಹಾಗಾಗಿ ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ.

"ಅಲ್ಲಿ ಉಣ್ಣದಿದ್ರೆ ಮಾವಂಗೆ ಕೋಪ, ಇಲ್ಲಿ ಉಣ್ಣದಿದ್ರೆ ಮನೆಯವಳಿಗೆ ಕೋಪ," ಅಂದರು. "ನಿಮ್ಮ ಕೋಪ ಇದ್ದದ್ದೇ, ಇವತ್ತು ಬಂದು ನೋಡ್ಕೊಂಡ್ರಾಯ್ತು ಅಂದ್ಕೊಂಡೆ."

ತೊಳೆದಿಟ್ಟ ಬಾಟ್ಲಿಗಳು

ಕ್ರಿಸ್‌ಮಸ್ಸಿಗೆ ಗಣಿಯ ದೊರೆಗಳ ಕ್ಲಬ್ಬಿನಿಂದ ದೊಡ್ಡ ಆರ್ಡರು. ಗ್ಯಾಸಿತ್ತು, ಸಾಬರಿದ್ದರು, ಬಾಟ್ಲಿಗಳೇ ಇರಲಿಲ್ಲ. ಬಾಟ್ಲಿ ತೊಳೆಯುವಾಕೆ ಹಬ್ಬಕ್ಕೆಂದು ಆಗಲೇ ರಜೆ ಹಾಕಿದ್ದಳು. ಖಾಲಿ ಬಾಟ್ಲಿ ವಸೂಲು ಮಾಡಲು ಲೈನು ಮನೆಗಳನ್ನೆಲ್ಲ ನಾನೇ ಸುತ್ತಿದೆ. ಹೋದಲ್ಲೆಲ್ಲ ಹಬ್ಬಕ್ಕೆ ಕರಿದ ಸಿಹಿ ಕಲ್ಕಲ ಕೊಟ್ಟರು, ಬಾಟ್ಲಿ ಕೊಡಲಿಲ್ಲ. ಕೊನೆಗೆ ಆಕೆಯ ಮನೆಗೆ ಹೋದರೆ, ಬಾಲಯೇಸುವಿನ ಗೋದಲಿಯ ಸುತ್ತ ನಮ್ಮ ಬಾಟ್ಲಿಗಳೇ ಸಾಲಾಗಿ ನಿಂತಿದ್ದವು. ಒಳಗೆ ಕೆಂಪು, ಹಸಿರು ಬಣ್ಣದ ನೀರು. ಹಿಂದೆ ದೀಪ. ಚೆನ್ನಾಗಿ ಕಾಣುತ್ತಿತ್ತು, ಅದನ್ನು ಒಪ್ಪಬೇಕು. ದೇವರ ಮುಂದಿನಿಂದ ಕಿತ್ತುಕೊಂಡು ಹೋಗುವುದು ಹೇಗೆ? ನನ್ನ ಮುಖ ನೋಡಿ ಆಕೆ ಸಮಾಧಾನ ಹೇಳಿದಳು. "ಭಯಪಡಬೇಡಿ ಅಯ್ಯಾ. ಎಲ್ಲಾ ತೊಳೆದೇ ಇಟ್ಟಿದೀನಿ."

ಒಪ್ಪಿಕೊಂಡ ಗುರುವಾರ

ಕ್ರಿಸ್‌ಮಸ್ಸಿಗೆ ಸೋಡಾ ತಲುಪದೆ ಹೋದ ಮೇಲೆ ಕ್ಲಬ್ಬಿನ ಬಟ್ಲರ್ ಕಡ್ಡಿ ಮುರಿದಂತೆ ಹೇಳಿದ: ಮುಂದಿನ ಟೆನ್ನಿಸ್ ಪಂದ್ಯಕ್ಕೆ ಸೋಡಾ ಬರದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ. ಕ್ಲಬ್ ಕೈಬಿಟ್ಟರೆ ಫ್ಯಾಕ್ಟರಿಗೆ ಬೀಗ ಹಾಕಬೇಕಿತ್ತು. ಮೂವರನ್ನೂ ಕೂರಿಸಿಕೊಂಡು, ಪಂದ್ಯಕ್ಕೆ ಮುಂಚೆ ಯಾರಿಗೂ ಯಾವ ಹಬ್ಬವೂ ಇಲ್ಲದ ಒಂದು ದಿನ ಹೇಳಿ ಎಂದು ಕೇಳಿದೆ. ಅವರು ಬೆರಳು ಮಡಿಸಿದರು, ಮೂರು ಭಾಷೆಯಲ್ಲಿ ವಾದ ಮಾಡಿದರು, ಕೊನೆಗೆ ಒಂದು ಗುರುವಾರಕ್ಕೆ ಒಪ್ಪಿಕೊಂಡರು. ಅಷ್ಟು ಸಲೀಸಾಗಿ ಒಪ್ಪಿದ್ದು ಕಂಡು ನನಗೆ ಆನಂದವಾಯಿತು. ಅವತ್ತೇ ಮಾಡಿ ಅವತ್ತೇ ಕ್ಲಬ್ಬಿಗೆ ತಲುಪಿಸುವುದೆಂದು ಬಟ್ಲರಿಗೂ ಹೇಳಿಬಂದೆ.

ಗುರುವಾರ ಬಾಗಿಲು ತೆಗೆದು ತೊಟ್ಟಿಗೆ ನೀರು ತುಂಬಿಸಿ ಕಾದೆ. ಒಬ್ಬರೂ ಬರಲಿಲ್ಲ. ಸೈಕಲ್ ಹತ್ತಿ ಗಾಡಿಯವನ ಹಳ್ಳಿಗೆ ಹೋದೆ. ಊರ ಹೊರಗೇ ಓಲಗ ಕೇಳಿಸಿತು. ಅವನ ಮನೆ ಮುಂದೆ ಚಪ್ಪರ. ಬಾಗಿಲಲ್ಲಿ ಸಾಬರು ಬಂದವರಿಗೆ ಪನ್ನೀರು ಚಿಮುಕಿಸುತ್ತಿದ್ದರು. ಬಾಟ್ಲಿ ತೊಳೆಯುವಾಕೆ ರೇಷ್ಮೆ ಸೀರೆಯುಟ್ಟು ಹೂ ಹಂಚುತ್ತಿದ್ದಳು. ಗಾಡಿಯವನು ಹೊಸ ಪೇಟ ಸುತ್ತಿಕೊಂಡು ಓಡಿಬಂದ.

"ಇವತ್ತು ಯಾರ್ಗೂ ಅಬ್ಬ ಇಲ್ಲ ಅಂತ ನೀವೇ ಗೊತ್ತು ಮಾಡಿದ್ರಲ್ಲ ಸ್ವಾಮಿ. ಎಲ್ರೂ ಬರೋಕಾಯ್ತದೆ ಅಂತ ಮಗಳ ಲಗ್ನ ಇಟ್ಕೊಂಡ್ಬುಟ್ಟೆ."

ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮ್ಗೆ ಫ್ಯಾಕ್ಟರೀಲಿ ಬೋ ಕೆಲ್ಸ ಐತೆ ಅಂದ್ರು ಸಾಬ್ರು."

ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಹೆಣ್ಣಿನ ಕಡೆಯವರು ರಟ್ಟೆ ಹಿಡಿದು ಪಂಕ್ತಿಯಲ್ಲಿ ಕೂರಿಸಿದರು. ಕ್ಲಬ್ಬು ಕೈತಪ್ಪಿತು, ಸೋದರಮಾವನಿಗೆ ಏನು ಹೇಳುವುದು ಎಂದು ತಲೆ ತಗ್ಗಿಸಿಕೊಂಡಿದ್ದವನು ಪಕ್ಕದೆಲೆಯ ಕಡೆ ನೋಡಿದೆ. ಅಲ್ಲಿ ಬಟ್ಲರ್ ಕೂತಿದ್ದ. ಇವತ್ತು ಸೋಡಾ ತಲುಪುವುದಿಲ್ಲ, ದಯವಿಟ್ಟು ಕ್ಷಮಿಸಬೇಕು ಎಂದು ತೊದಲಿದೆ.

ಅವನು ಹೋಳಿಗೆ ಮುರಿಯುತ್ತಾ ಹೇಳಿದ: "ತಂದಿದ್ರೂ ತಗೊಳ್ಳೋಕೆ ಅಲ್ಲಿ ಯಾರಿದ್ದಾರೆ? ನಾನೇ ರಜಾ ಹಾಕಿ ಬಂದಿದ್ದೀನಿ."